ಹಳೇ ಕೂಗಿನ ಬಿಕ್ಕಳಿಕೆ

ನಮ್ಮೂರಿನಲ್ಲಿ ಹೊಸ ಕೂಗು ಕಟ್ಟುವವರಿಗೆ ಹಾರ ತುರಾಯಿ, ಹಳೆಯ ಕೂಗು ಕಳಚುವವನಿಗೆ ಹಿಡಿಶಾಪ. ನಾನು ಕಳಚುವವನು. ಹೆಸರು ಲಕ್ಕಣ್ಣ ಅಂತಿದ್ದರೂ ಊರಿನವರ ಬಾಯಲ್ಲಿ ಕಳಚೋ ಲಕ್ಕಣ್ಣ. ಸಿಟ್ಟು ಬಂದಾಗ ನನ್ನ ಹೆಂಡತಿಯೂ ಹಾಗೇ ಕರೆಯುತ್ತಾಳೆ, ಅಂದರೆ ವಾರಕ್ಕೆ ನಾಲ್ಕು ದಿನ.

ಕೂಗುಮನೆ ಇರುವುದು ಪೇಟೆ ಬೀದಿಯ ಕೊನೆಗೆ. ಉದ್ದನೆಯ ಹಜಾರ, ಅದರ ನಡುವೆ ಒಂದೇ ಒಂದು ತೇಗದ ತೊಲೆ, ತೊಲೆಯುದ್ದಕ್ಕೂ ಕೊಕ್ಕೆ, ಒಂದೊಂದು ಕೊಕ್ಕೆಗೂ ಒಂದು ತಾಮ್ರದ ತಗಡು. ಒಂದೊಂದು ತಗಡಿನ ಮೇಲೆ ಒಂದೊಂದು ಕೂಗು ಕೆತ್ತಿದೆ. ಬೀದಿದೀಪ ಹತ್ತುವುದು, ಗಿರಣಿ ತಿರುಗುವುದು, ಸಂತೆಮಾಳದ ಬಾಗಿಲು ತೆರೆಯುವುದು, ನಮ್ಮಲ್ಲಿ ಎಲ್ಲವೂ ಕೂಗಿನಿಂದಲೇ. ತಗಡು ಕೊಕ್ಕೆಯಲ್ಲಿರುವವರೆಗೆ ಕೂಗು ನಡೆಯುತ್ತದೆ. ಇಳಿಸಿದಿರೋ, ಆಮೇಲೆ ಗಂಟಲು ಹರಿದುಕೊಂಡರೂ ಕದ ಅಲುಗುವುದಿಲ್ಲ. ಪ್ರತಿ ತಗಡಿನ ಕೆಳಗೂ ಒಂದು ಗೆಜ್ಜೆ ಕಟ್ಟಿದೆ. ಊರಿನ ಯಾವ ಮೂಲೆಯಲ್ಲಿ ಯಾರು ಆ ಕೂಗು ಹಾಕಿದರೂ ಇಲ್ಲಿ ಆ ಗೆಜ್ಜೆ ಗಲ್ ಅನ್ನುತ್ತದೆ.

ಒಂದು ಕೂಗಿಗಿಂತ ಒಳ್ಳೆಯ ಕೂಗು ಬಂತು ಅಂತ ಹಳೆಯದನ್ನು ಅವತ್ತೇ ಇಳಿಸುವಂತಿಲ್ಲ. ಹಾಗೆ ಮಾಡಿದರೆ ಜನ ಕೂಗುಮನೆಗೆ ಬೆಂಕಿ ಇಟ್ಟಾರು. ಅದಕ್ಕೇ ಹಳೆಯ ತಗಡಿಗೆ ಮೊದಲು ಅರಿಶಿನದ ದಾರ ಕಟ್ಟುತ್ತೇವೆ. ದಾರ ಕಟ್ಟಿದ ಮೇಲೂ ಕೂಗು ನಡೆಯುತ್ತದೆ, ಆದರೆ ಕೂಗಿದವರಿಗೆ ಬಿಕ್ಕಳಿಕೆ ಹತ್ತುತ್ತದೆ. ಲೆಕ್ಕ ಹಾಕಿದಂತೆ ಏಳು. ಬೇಸರ ಬಂದು ಜನ ತಾವಾಗಿಯೇ ಹೊಸ ಕೂಗಿಗೆ ಹೊರಳಲಿ ಅನ್ನುವುದು ಹಿರಿಯರ ಯೋಚನೆ. ಜನ ಹೊರಳುತ್ತಾರೆಯೇ? ನಮ್ಮ ಜನ ಬಿಕ್ಕಳಿಕೆಗೇ ಹೊಂದಿಕೊಂಡರು. ಶೆಟ್ಟರ ಅಂಗಡಿಯಲ್ಲಿ ಬಿಕ್ಕಳಿಕೆಗೆಂದೇ ಕಲ್ಲುಸಕ್ಕರೆಯ ಪೊಟ್ಟಣ ಸಿಗುತ್ತದೆ. ಹಳೇ ಕೂಗು ಹಾಕಿ ಒಳಗೆ ಬಂದ ಗಿರಾಕಿಯನ್ನು ಕ್ಷೌರದಂಗಡಿಯವನು ಏಳು ಮುಗಿಯುವತನಕ ಬೆಂಚಿನ ಮೇಲೆ ಕೂರಿಸಿ ಆಮೇಲೆ ಕತ್ತಿ ಹಿಡಿಯುತ್ತಾನೆ. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರು ಗೇಟಿನ ಬಳಿ ಬಿಕ್ಕಳಿಸಿದರೆ, ಸಂಪ್ರದಾಯಸ್ಥರು ಅಂತ ಹೆಣ್ಣಿನ ಮನೆಯವರಿಗೆ ಸಮಾಧಾನ.

ದಾರ ಕಟ್ಟುವ ಮೊದಲು ಒಂದು ಕಡ್ಡಾಯದ ಕೆಲಸವಿದೆ. ಆ ಕೂಗು ಹಾಕುವವರ ಮನೆ ಬಾಗಿಲಿಗೇ ಹೋಗಿ, ಎದುರಿಗೆ ನಿಂತು ಹೇಳಬೇಕು: ನಿಮ್ಮ ಕೂಗು ಹಳತಾಯಿತು, ಹೊಸದು ಇಂಥದು, ಇನ್ನು ಬಿಕ್ಕಳಿಕೆ ಬಂದರೆ ಅದು ನಮ್ಮ ದಾರದ್ದು, ಬೇರೇನೂ ಅಂದುಕೊಳ್ಳಬೇಡಿ. ಕಡೆಯ ಮಾತು ಮುಖ್ಯ. ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಂಡರು ಅನ್ನುವುದು ನಮ್ಮ ಕಡೆ ಎಳೆಗೂಸಿಗೂ ಗೊತ್ತು. ಹೇಳಿ ಬಂದ ಮೇಲೆ ದಫ್ತರದಲ್ಲಿ ‘ತಿಳಿಸಲಾಗಿದೆ’ ಎಂದು ಬರೆಯಬೇಕು.

ಈ ವರ್ಷ ಬೇಸಿಗೆಯ ಕೊನೆಗೆ ತೊಲೆ ಲಟಕ್ ಅಂದಿತು. ಬಡಗಿ ಕಾಳಾಚಾರಿ ಏಣಿ ಹತ್ತಿ, ಬೆರಳಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ ಇಳಿದ.

“ಬಾಗೈತೆ ಸ್ವಾಮಿ. ನಲವತ್ತು ತಗಡು ಇಳಿಸ್ದೆ ಇದ್ರೆ ಈ ಮಳೆಗಾಲ ದಾಟಲ್ಲ. ತೊಲೆ ಬಿದ್ರೆ ಒಂದು ಕೂಗಲ್ಲ, ಊರಿಗೂರೇ ಮೂಗ ಆಯ್ತದೆ.”

ಕೂಗುಮನೆಯ ಯಜಮಾನರು ಪದ್ಮನಾಭಯ್ಯ, ಮಾತು ಕಡಿಮೆ, ನಶ್ಯ ಜಾಸ್ತಿ. ನನ್ನ ಕಡೆ ತಿರುಗಿ, “ನಲವತ್ತು, ಲಕ್ಕಣ್ಣ. ಯಾರ ಕಾಲಾದ್ರೂ ಹಿಡಿ,” ಅಂದರು. ಹದಿನೈದು ದಿನದಲ್ಲಿ ಮೂವತ್ತೊಂಬತ್ತು ಇಳಿಸಿದೆ. ಬಿದ್ದುಹೋದ ಛತ್ರದ ಒರಳುಕಲ್ಲಿನ ಕೂಗು, ಮುಚ್ಚಿದ ಬಾವಿಯ ರಾಟೆಯ ಕೂಗು, ಯಾವನೋ ಅಮಲ್ದಾರ ತನ್ನ ಬೀಸಣಿಗೆಗೆ ಮಾಡಿಸಿಕೊಂಡಿದ್ದ ಕೂಗು, ಹೀಗೆ ಕೇಳುವವರಿಲ್ಲದವು. ನಲವತ್ತನೆಯದು ಮಾತ್ರ ಪ್ರತಿದಿನ ಸಂಜೆ ಐದಕ್ಕೆ ಸರಿಯಾಗಿ ಗಲ್ ಅನ್ನುತ್ತಿತ್ತು. ಅದು ದೊಡ್ಡಕೆರೆಯ ತೂಬಿನ ಕೂಗು. ಕೂಗುತ್ತಿದ್ದವಳು ತಿರುಮಳಮ್ಮ.

ತಿರುಮಳಮ್ಮ ನಮ್ಮ ನೀರುಗಂಟಿ. ತೂಬು ತೆಗೆದು ಕೆಳಗಿನ ಗದ್ದೆಗಳಿಗೆ ನೀರು ಬಿಡುವ ಕೆಲಸ ಅಪ್ಪನಿಂದ ಅವಳಿಗೆ ಬಂದದ್ದು. ಊರಿನಿಂದ ಎರಡು ಮೈಲಿ ದೂರ, ಕೆರೆ ಏರಿಯ ಆಚೆ ತುದಿಯಲ್ಲಿ ಅವಳ ಹಂಚಿನ ಮನೆ. ಊರ ಕಡೆ ಬರುವುದೇ ಅಪರೂಪ, ಅವಳಿಗೆ ಗೊತ್ತಿದ್ದದ್ದು ತೂಬಿನ ಕೂಗು ಮಾತ್ರ, ದಾರದ ಸುದ್ದಿಯಲ್ಲ. ಹನ್ನೊಂದು ವರ್ಷದ ಹಿಂದೆ ತೂಬಿಗೆ ಹೊಸ ಕೂಗು ಬಂತು. ಹಳೆಯದಕ್ಕೆ ದಾರ ಕಟ್ಟಿದವನು ನಾನೇ. ಅವಳಿಗೆ ಹೇಳಿಬರಲು ಹೊರಟವನೂ ನಾನೇ. ಹೊರಟೆ ಅಷ್ಟೆ. ಚೈತ್ರದ ಬಿಸಿಲು, ಏರಿಯ ಮೇಲೆ ಒಂದು ಗಿಡ ನೆರಳಿಲ್ಲ. ಏರಿ ಶುರುವಾಗುವ ಕಡೆ ಕೂತು ಬುತ್ತಿ ಬಿಚ್ಚಿ ಮೊಸರನ್ನ ತಿಂದೆ, ಒಂದು ಕೋಳಿನಿದ್ದೆ ತೆಗೆದೆ, ವಾಪಸು ಬಂದು ‘ತಿಳಿಸಲಾಗಿದೆ’ ಎಂದು ಬರೆದೆ. ಅಕ್ಷರ ದುಂಡಗಿತ್ತು. ಪದ್ಮನಾಭಯ್ಯನವರು ಅದನ್ನು ಮೆಚ್ಚಿಕೊಂಡಿದ್ದರು ಕೂಡ.

ಈಗ ವಿಧಿಯಿಲ್ಲದೆ ಹೋದೆ. ದಿನಾ ಗೆಜ್ಜೆ ಉಲಿಯುವ ತಗಡನ್ನು ಇಳಿಸಬೇಕಾದರೆ ಕೂಗುವವರು ಹೊಸ ಕೂಗು ಹಾಕಿ ನೋಡಿ, ಒಪ್ಪಿ, ಹೆಬ್ಬೆಟ್ಟು ಒತ್ತಬೇಕು. ತಿರುಮಳಮ್ಮ ಜಗಲಿಯಲ್ಲಿ ಕೂತು ನೆನೆಹಾಕಿದ ಅವರೆಕಾಳು ಚಿದುಕಿಸುತ್ತಿದ್ದಳು. ನಲವತ್ತೈದರ ಹೆಂಗಸು, ಗಟ್ಟಿ ಕೈ, ಗಟ್ಟಿ ಗಂಟಲು. ಮಜ್ಜಿಗೆ ಕೊಟ್ಟಳು.

“ತಿರುಮಳಕ್ಕಾ, ನಿಮ್ಮ ಕೂಗು ಹಳತಾಗಿದೆ. ಇನ್ಮೇಲೆ ‘ತೂಬು ಒಂದು, ಅರ್ಧ’ ಅನ್ಬೇಕು. ಕಾಲು ಅಂದ್ರೆ ಕಾಲು ಭಾಗ ತೆಗೀತದೆ, ಪೂರ್ತಿ ಅಂದ್ರೆ ಪೂರ್ತಿ.”

“ಈಗ ‘ಕೆರೆ ತಾಯಿ, ಕಣ್ಣು ಬಿಡು’ ಅಂತೀನಲ್ಲ, ಅದಕ್ಕೇನಾಗದೆ?”

“ಅದಕ್ಕೆ ಪೂರ್ತಿ ಬಿಡೋದೊಂದೇ ಗೊತ್ತು. ನೀರು ಪೋಲಾಗ್ತದೆ.”

“ಕೆರೆನ ತಾಯಿ ಅನ್ನೋದೂ ಬ್ಯಾಡ್ವಾ? ಸರಿ ಬಿಡು, ಕೂಲಿಯೋರಿಗೆ ಯೋಳ್ದಂಗೆ ಯೋಳ್ತೀನಿ. ಯಾವಾಗಿಂದ ಈ ವಯ್ಯಾರ?”

“ಕೊಂಚ ದಿನ ಆಯ್ತು,” ಅಂದೆ.

ಬಿಕ್ಕಳಿಕೆಯ ಮಾತು ನಾಲಿಗೆ ತುದಿಗೆ ಬಂದಿತ್ತು. ಅದನ್ನು ಹೇಳಿದರೆ ಎಷ್ಟು ದಿನ ಅಂತ ಕೇಳುತ್ತಾಳೆ, ದಿನ ಅಲ್ಲ ವರ್ಷ ಅಂತ ಹೇಳಬೇಕಾಗುತ್ತದೆ. ಹೇಗೂ ಹೊಸ ಕೂಗು ಹಾಕುತ್ತಾಳೆ, ಬಿಕ್ಕಳಿಕೆ ತಾನೇ ನಿಲ್ಲುತ್ತದೆ, ಪೀಡೆ ಕಳೆದದ್ದಕ್ಕೆ ಖುಷಿಪಡುತ್ತಾಳೆ ಅಂದುಕೊಂಡು ಮಜ್ಜಿಗೆ ಕುಡಿದು ಎದ್ದೆ. ಆ ಸಂಜೆ ಐದಕ್ಕೆ ಹೊಸ ತಗಡಿನ ಗೆಜ್ಜೆ ಹನ್ನೊಂದು ವರ್ಷದಲ್ಲಿ ಮೊದಲ ಸಲ ಗಲ್ ಅಂದಿತು. ಅದರ ಮೇಲಿನ ಧೂಳು ನನ್ನ ತಲೆಯ ಮೇಲೆ ಬಿತ್ತು. ಆಫೀಸಿನವರಿಗೆಲ್ಲ ಬೆಲ್ಲ ಹಂಚಿದೆ.

ಬೆಳಿಗ್ಗೆ ನಾನಿನ್ನೂ ಬೀಗ ತೆಗೆಯುತ್ತಿದ್ದೆ. ಮೊಸರು ಮಾರುವ ಜವರಮ್ಮ ಕುಕ್ಕೆ ಹೊತ್ತು ಬಂದವಳು ನಿಂತಳು.

“ವಿಷ್ಯ ಗೊತ್ತಾಯ್ತಾ? ಪಾಪ, ತೂಬಿನ ತಿರುಮಳಮ್ಮನ ಗಂಡ ಓಗ್ಬುಟ್ನಂತೆ.”

“ಅಯ್ಯೋ! ಯಾರು ಹೇಳಿದ್ರು? ಕಾಗದ ಬಂತಾ?”

“ಕಾಗ್ದ ಯಾಕೆ? ನೆನ್ನೆ ಸಂಜೆ ಬಿಕ್ಕಳಿಕೆ ಬರ್ಲಿಲ್ವಂತಲ್ಲ.”

ಬೀಗ ಕದದಲ್ಲೇ ಬಿಟ್ಟು ತಿರುಗಿದೆ. ಜವರಮ್ಮ ಕುಕ್ಕೆ ಇಳಿಸಿ ಕತೆ ಹೇಳಿದಳು. ತಿರುಮಳಮ್ಮನ ಗಂಡ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವನು. ಹನ್ನೊಂದು ವರ್ಷದ ಹಿಂದೆ ಚೈತ್ರದಲ್ಲಿ, ಪರಊರಿನ ಮದುವೆಗೆ ಊದಲು ಹೋದವನು ಬರಲಿಲ್ಲ. ಹೋಗುವ ಮುಂಚೆ ಸಾರಿನ ಉಪ್ಪಿಗೆ ಒಂದು ಜಗಳವಾಗಿತ್ತು. ಆ ವಾರದಿಂದ ಅವಳಿಗೆ ಪ್ರತಿ ಸಂಜೆ ತೂಬು ತೆಗೆದ ಗಳಿಗೆಗೆ ಬಿಕ್ಕಳಿಕೆ. ಐದು ಗಂಟೆಗೆ ಕಾಫಿ ಕುಡಿಯುವುದು ಅವನ ಅಭ್ಯಾಸ. ಎಲ್ಲಿದ್ದರೂ ಲೋಟ ಹಿಡಿದಾಗ ನೆನೆಯುತ್ತಾನೆ ಅಂತ ಇವಳೂ ಅದೇ ಹೊತ್ತಿಗೆ ಎರಡು ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದಳು. ಎರಡನ್ನೂ ತಾನೇ ಕುಡಿಯುತ್ತಿದ್ದಳು.

“ನಿಮಗೆಲ್ಲ ಗೊತ್ತಿತ್ತಲ್ಲ, ಅದು ದಾರದ್ದು ಅಂತ! ಯಾರೂ ಹೇಳ್ಲಿಲ್ವಾ?” ಅಂದೆ.

“ನಿಮ್ಮ ದಫ್ತರದಲ್ಲಿ ತಿಳಿಸಲಾಗಿದೆ ಅಂತ ಅದೆಯಂತಲ್ಲಪ್ಪ. ತಿಳ್ಕೊಂಡೂ ನಂಬ್ತಾವ್ಳೆ ಅಂದ್ಮೇಲೆ ನಾವ್ಯಾಕೆ ಬಾಯಿ ಹಾಕಾಣ? ವರ್ಷ ಕಳೀತಾ ಕಳೀತಾ ನಾವೂ ನಂಬ್ಬುಟ್ವಿ.”

ಎರಡು ಮೈಲಿಯನ್ನು ಓಡಿದೆನೋ ನಡೆದೆನೋ ನನಗೆ ನೆನಪಿಲ್ಲ. ಹೋಗುವಷ್ಟರಲ್ಲಿ ಜಗಲಿಯ ತುಂಬ ಹೆಂಗಸರು. ತಿರುಮಳಮ್ಮ ಕಂಬಕ್ಕೊರಗಿ ಕೂತಿದ್ದಳು. ಅಳುತ್ತಿರಲಿಲ್ಲ. ಕೈ ತುಂಬ ಹಸಿರು ಬಳೆ. ಅದನ್ನು ಇವತ್ತೇ ಒಡೆಯಬೇಕೋ, ದೇಹ ಸಿಗದೆ ಇರುವುದರಿಂದ ಮೂರು ದಿನ ಕಾಯಬೇಕೋ ಅಂತ ಹಿರಿಯಳಾದ ಸಣ್ಣತಾಯಮ್ಮ ಮಿಕ್ಕವರ ಜೊತೆ ಚರ್ಚಿಸುತ್ತಿದ್ದಳು. ತಿರುಮಳಮ್ಮ ನನ್ನನ್ನು ನೋಡಿ ಹೇಳಿದಳು:

“ನೀ ಯೋಳ್ಕೊಟ್ಟಂಗೇ ಕೂಗ್ದೆ ಲಕ್ಕಣ್ಣ. ನೀರು ಬಂತು. ಅವ್ರು ಬರ್ಲಿಲ್ಲ.”

ಹದಿನೈದು ಹೆಂಗಸರು ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಎದುರು ಬಾಯಿಬಿಡುವ ಧೈರ್ಯ ನನಗೆಲ್ಲಿಂದ ಬರಬೇಕು? “ಅಕ್ಕಾ, ಹಳೇ ಕೂಗು ಒಂದ್ಸಲ ಹಾಕಿ ನೋಡಿ. ಹೊಸ ಕೂಗಿನ ಗದ್ದಲದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಗಿರ್ಬಹುದು,” ಅಂದೆ. ಹೆಚ್ಚುಕಮ್ಮಿ! ಅಂಥ ಹೊತ್ತಿನಲ್ಲೂ ನನ್ನ ಬಾಯಿಗೆ ಕಚೇರಿಯ ಮಾತೇ ಬರುತ್ತದೆ.

ಅವಳು ಎದ್ದು ತೂಬಿನ ಕಟ್ಟೆಗೆ ಹೋಗಿ ಕೂಗಿದಳು. ತೂಬು ತೆರೆಯಿತು, ನೀರು ನುಗ್ಗಿತು. ಅವಳ ಎದೆ ಒಮ್ಮೆ ಜಿಗಿದು ಬಿಕ್ಕಳಿಕೆ ಬಂತು. ಹೆಂಗಸರು ಹೋ ಅಂದರು. “ಬದುಕವ್ನೆ ಕಣವ್ವಾ! ಮುಂಡೇದು ಬದುಕವ್ನೆ!” ಸಣ್ಣತಾಯಮ್ಮ ಓಡಿಬಂದು ಕುಂಕುಮ ಇಟ್ಟಳು. ಯಾರೋ ಹುರಿಗಡಲೆ ಬೆಲ್ಲ ಕುಟ್ಟಿ ಉಂಡೆ ಕಟ್ಟಿದರು. ಹೋದ ಜೀವ ತಂದುಕೊಟ್ಟ ಪುಣ್ಯಾತ್ಮ ಅಂತ ನನಗೆ ಎರಡು ಉಂಡೆ. ತಿಂದೆ.

ಹೆಂಗಸರ ಜೊತೆಗೇ ನಾನೂ ಹೊರಟೆ. ದಾರಿಯಲ್ಲಿ ನನ್ನ ತಲೆ ಚುರುಕಾಗಿ ಓಡುತ್ತಿತ್ತು. ಬೇರೆ ಯಾವುದಾದರೂ ತಗಡು ಇಳಿಸಿ ನಲವತ್ತು ತುಂಬಿಸಬಹುದು. ತೂಬಿನದು ಇದ್ದಲ್ಲೇ ಇರಲಿ, ಅವಳು ದಿನಾ ಬಿಕ್ಕಳಿಸಲಿ, ಯಾರಪ್ಪನ ಗಂಟು ಹೋಗುತ್ತದೆ? ಎಲ್ಲರಿಗೂ ಸಂತೋಷ. ಅಷ್ಟರಲ್ಲಿ ಮುಂದೆ ಹೋಗುತ್ತಿದ್ದ ಸಣ್ಣತಾಯಮ್ಮ ಇನ್ನೊಬ್ಬಳಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: “ಒಳ್ಳೇದಾಯ್ತು ಬುಡು. ಆ ಬಿಕ್ಕಳಿಕೆ ನಂಬ್ಕಂಡೇ ಅಲ್ವಾ, ಕಟ್ಕತೀನಿ ಬಾ ಅಂದ ಗಾಣದ ಬೋರಯ್ಯನ್ನ ಬ್ಯಾಡ ಅಂದಿದ್ದು?” ಉಂಡೆಯ ಸಿಹಿ ಇನ್ನೂ ಬಾಯಲ್ಲಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಚಪ್ಪಲಿಯಲ್ಲಿ ಕಲ್ಲು ಸಿಕ್ಕಿದವನ ಹಾಗೆ ನಟಿಸಿ ಹಿಂದುಳಿದೆ, ಅವರು ಮರೆಯಾದ ಮೇಲೆ ತಿರುಗಿ ಹೋದೆ.

ತಿರುಮಳಮ್ಮ ಜಗಲಿ ಗುಡಿಸುತ್ತಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ: ತಗಡು, ದಾರ, ಹನ್ನೊಂದು ವರ್ಷ, ಮೊಸರನ್ನ, ನಿದ್ದೆ, ದುಂಡನೆಯ ಅಕ್ಷರ. ಅವಳ ಪೊರಕೆ ನಿಲ್ಲಲಿಲ್ಲ. ಕಸ ಒಂದು ಮೂಲೆಗೆ ಸೇರಿಸಿ ಆಮೇಲೆ ಕೇಳಿದಳು.

“ಆ ಕೂಗು ಯಾರು ಹಾಕಿದ್ರೂ ಬತ್ತದಾ?”

“ಯಾರು ಹಾಕಿದ್ರೂ. ಏಳು.”

“ಎಲ್ಲಿ, ಕೂಗು ನೀನು.”

ಅವಳು ತೂಬು ಮುಚ್ಚಿಸಿದಳು. ಮುಚ್ಚುವ ಕೂಗು ಬೇರೆ, ಅದಕ್ಕಿನ್ನೂ ದಾರ ಕಟ್ಟಿಲ್ಲ. ನಾನು ಕಟ್ಟೆಯ ಮೇಲೆ ನಿಂತು ‘ಕೆರೆ ತಾಯಿ, ಕಣ್ಣು ಬಿಡು’ ಅಂತ ಕೂಗಿದೆ. ನೀರು ಬಂತು, ಬಿಕ್ಕಳಿಕೆಯೂ ಬಂತು. ಅವಳು ಬೆರಳು ಮಡಿಸಿ ಎಣಿಸಿದಳು. ಏಳಕ್ಕೆ ನಿಂತಿತು.

“ನಿನ್ನ ಯಾರು ನೆನೆಸ್ಕೊಂಡ್ರು? ನಿನ್ನೆಂಡ್ತೀನಾ?”

“ಅವಳು ನೆನೆಯೋ ಪೈಕಿ ಅಲ್ಲ ಅಕ್ಕಾ.”

ಅವಳು ನಗಲಿಲ್ಲ. ಮತ್ತೆ ತೂಬು ಮುಚ್ಚಿಸಿದಳು, ಈ ಸಲ ತಾನೇ ಕೂಗಿದಳು. ಬಿಕ್ಕಳಿಕೆ ಬಂದಾಗ ಒಬ್ಬೊಬ್ಬರದೇ ಹೆಸರು ಹೇಳಬೇಕು, ನೆನೆದವರ ಹೆಸರು ಬಂದ ತಕ್ಷಣ ನಿಲ್ಲುತ್ತದೆ ಅನ್ನುವುದು ನಮ್ಮ ಕಡೆಯ ಪದ್ಧತಿ. ಅವಳು ಇಷ್ಟು ವರ್ಷ ಅದನ್ನು ಮಾಡಿ ನೋಡಿರಲಿಲ್ಲ. ಗಂಡನ ಹೆಸರು ಹೇಳುವುದುಂಟೇ? ಒಂದು ಬಂತು, ಎರಡು ಬಂತು. ಮೂರನೆಯದಕ್ಕೆ ಅವಳು ಕೆರೆಯ ಕಡೆ ಮುಖ ಮಾಡಿ, ತೂಬಿಗೆ ಕೂಗುವ ಅದೇ ಗಂಟಲಿನಲ್ಲಿ, “ವೆಂಕಟಾಚಲಾ!” ಅಂದಳು.

ನಾಲ್ಕು ಬಂತು. ಐದು ಬಂತು. ನನಗೆ ನೋಡಲಾಗಲಿಲ್ಲ, ನೀರಿನ ಕಡೆ ತಿರುಗಿ ನಿಂತೆ. ಆರು. ಏಳು. ಆಮೇಲೆ ತೂಬಿನ ಸದ್ದು ಮಾತ್ರ.

“ದಿನಾ ಏಳೇ ಬರೋದು,” ಅಂದಳು. “ಏಳು ಸ್ವರ ಅಂದ್ಕಂಡಿದ್ದೆ. ಊದೋರಲ್ವಾ ಅವ್ರು.”

ಆಮೇಲೆ ನನ್ನ ಕಡೆ ತಿರುಗಿದಳು.

“ಈಗ ಇದ್ದಾರೋ ಇಲ್ವೋ?”

“ಗೊತ್ತಿಲ್ಲ ಅಕ್ಕಾ.”

“ನಂಗೂ ಗೊತ್ತಿಲ್ಲ. ಬೆಳಗ್ಗೆವರ್ಗೂ ಗೊತ್ತಿತ್ತು.” ಕಟ್ಟೆಯ ಮೇಲೆ ಕೂತಳು. “ಗಾಣದ ಬೋರಯ್ಯ ಕೂಡಾವಳಿ ಮಾಡ್ಕೊಳಾಣ ಬಾ ಅಂತ ಕರೆದ. ಏಳೆಂಟು ವರ್ಷ ಆಯ್ತು. ಒಳ್ಳೆ ಮನ್ಸ. ನಂಗೂ ಇಷ್ಟ ಇತ್ತು ಕಣೋ, ಸುಳ್ಳು ಯಾಕೆ ಯೋಳ್ಳಿ? ದಿನಾ ನೆನೆಯೋ ಗಂಡ ಇರೋವಾಗ ಎಂಗಯ್ಯಾ ಅಂದ್ಬುಟ್ಟೆ. ಈಗ ಅವ್ನಿಗೆ ಎಂಡ್ತಿ ಅವ್ಳೆ, ಎರಡು ಮಕ್ಳವೆ. ನೀನು ಅವತ್ತು ಯಾಕೆ ಬರ್ಲಿಲ್ಲ?”

ನಿಜ ಹೇಳುವುದೆಂದು ತೀರ್ಮಾನಿಸಿ ಬಂದವನು ನಾನು.

“ಬಿಸಿಲಿತ್ತು ಅಕ್ಕಾ.”

“ಬಿಸ್ಲಿತ್ತು,” ಅಂದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲೆ ಕೈ ಚಾಚಿದಳು. “ಕೊಡು ಆ ಕಾಗ್ದ. ಎಲ್ಲಿ ಒತ್ಬೇಕು?”

“ಅವಸರ ಇಲ್ಲ. ಬೇಕಾದ್ರೆ ಆ ತಗಡು ಇರ್ಲಿ. ನಾನು ಬೇರೆ ಏನಾದ್ರೂ…”

“ಇಟ್ಕಂಡು? ದಿನಾ ನಿಮ್ಮ ದಾರ ನೆನೆಸ್ಕೊಳ್ಳಾ? ಕೊಡು ಅಂದ್ನಲ್ಲ.”

ಹೆಬ್ಬೆಟ್ಟು ಎಷ್ಟು ಬಲವಾಗಿ ಒತ್ತಿದಳೆಂದರೆ ಕಾಗದದ ಹಿಂಬದಿಗೂ ಮಸಿ ಇಳಿಯಿತು.

ಕೂಗುಮನೆಗೆ ಬಂದು ಹಳೆಯ ದಫ್ತರ ತೆಗೆಸಿದೆ. ಹನ್ನೊಂದು ವರ್ಷದ ಹಿಂದಿನ ಪುಟದಲ್ಲಿ ‘ತಿಳಿಸಲಾಗಿದೆ’ ಅನ್ನುವುದನ್ನು ಹೊಡೆದುಹಾಕಿ, ‘ತಿಳಿಸಿರಲಿಲ್ಲ. ಇಂದು ತಿಳಿಸಿದೆ’ ಎಂದು ಬರೆದು ಯಜಮಾನರ ಮುಂದಿಟ್ಟೆ. ಪದ್ಮನಾಭಯ್ಯನವರು ನಶ್ಯ ಏರಿಸಿ ಎರಡು ಸಲ ಓದಿದರು.

“ಇನ್ನು ಇಂಥವು ಎಷ್ಟಿವೆ, ಲಕ್ಕಣ್ಣ?”

“ಬಿಸಿಲುಗಾಲದ ಪುಟಗಳನ್ನೆಲ್ಲ ನೋಡಬೇಕು ಸ್ವಾಮಿ.”

“ನೋಡು,” ಅಂದರು. “ನೋಡಿ, ಒಂದೊಂದು ಬಾಗಿಲಿಗೂ ಹೋಗು.” ಅದೇ ಶಿಕ್ಷೆ. ಅದರಲ್ಲೇ ಇನ್ನೂ ಇದ್ದೇನೆ.

ತಗಡು ಇಳಿಸಿದಾಗ ತೊಲೆ ಒಂದು ಬೆರಳಿನಷ್ಟು ಮೇಲೆದ್ದಿತು ಅಂತ ಕಾಳಾಚಾರಿ ಹೇಳಿದ. ಎಲ್ಲರೂ ನಿಟ್ಟುಸಿರು ಬಿಟ್ಟರು. ಮಾರನೆಯ ದಿನ ನಾನು ಐದು ಗಂಟೆ ಯಾವಾಗ ಆಗುತ್ತದೋ ಅಂತ ಹೆದರಿಕೊಂಡೇ ಕೂತಿದ್ದೆ. ಅವಳು ಕೂಗುತ್ತಾಳೋ ಇಲ್ಲವೋ, ಕೂಗಲೇ ಇಲ್ಲ ಅಂದರೆ ಏನರ್ಥ ಅಂತ ಮನಸ್ಸು ಏನೇನೋ ಯೋಚಿಸುತ್ತಿತ್ತು. ಮೂರೂವರೆಗೇ ತೂಬಿನ ಹೊಸ ಗೆಜ್ಜೆ ಗಲ್ ಅಂದಿತು. ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ತಿರುಮಳಮ್ಮ ಮನೆಗೆ ಬೀಗ ಹಾಕುತ್ತಿದ್ದಳು. ಒಗೆದ ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿದ್ದಳು. ಕೈಯಲ್ಲಿ ಬಳೆ ಇತ್ತು, ಕಂಕುಳಲ್ಲಿ ಒಂದು ಚೀಲ. ಕಾಲುವೆಯಲ್ಲಿ ಅರ್ಧ ಅಳತೆಗೆ ನೀರು ಹೋಗುತ್ತಿತ್ತು.

“ಏನಕ್ಕಾ, ಇವತ್ತು ಇಷ್ಟು ಬೇಗ?”

“ಕೆಳಗಿನ ಗದ್ದೆಯೋರು ವರ್ಷಗಟ್ಲೆ ಬಾಯಿ ಬಡ್ಕಂಡ್ರು, ಮೂರೂವರೆಗೆ ಬುಡವ್ವಾ ಅಂತ. ಐದಕ್ಕೆ ಮುಂಚೆ ಆಗಾಕಿಲ್ಲ ಅಂತಿದ್ದೆ.” ಬೀಗ ಎಳೆದು ನೋಡಿದಳು, ಕೀಲಿ ಸೊಂಟಕ್ಕೆ ಸಿಕ್ಕಿಸಿದಳು.

“ಎಲ್ಲಿಗೆ ಹೊರಟ್ರಿ?”

“ನಿಂಗ್ಯಾಕೆ? ಅದನ್ನೂ ಬರ್ಕೋಬೇಕಾ?”

“ಇಲ್ಲ ಅಕ್ಕಾ,” ಅಂದೆ. ಅವಳು ಏರಿ ಇಳಿದು ಹೋದಳು. ಗಂಟೆ ಇನ್ನೂ ಐದಾಗಿರಲಿಲ್ಲ.